ಸಂಕಕ್ಕೆ ಅನುದಾನ ಕೇಳಿದ ನಾಲ್ಕು ವರ್ಷ

ಪ್ರತಿ ವರ್ಷ ಮೇ ಕೊನೆಯ ವಾರದಲ್ಲಿ, ಮೃಗಶಿರಾ ಮಳೆ ಹಿಡಿಯುವ ಮುಂಚೆ, ಮನೆಗೊಬ್ಬರಂತೆ ಹಳ್ಳದ ದಂಡೆಯಲ್ಲಿ ಸೇರಿ ಸಂಕ (ಕಾಲುಸೇತುವೆ) ಹಾಕುವುದು ನಮ್ಮ ಮಜರೆಯಲ್ಲಿ ಅಜ್ಜನ ಕಾಲದಿಂದ ನಡೆದುಬಂದಿದ್ದ ಪದ್ಧತಿ. ಹಳ್ಳದ ನಡುವಿನ ಬಂಡೆಗೆ ಆನಿಸಿ ಎರಡೂ ಕಡೆಯಿಂದ ಮರದ ದಿಮ್ಮಿ ಮಲಗಿಸಿ, ಮೇಲೆ ಸೀಳಿದ ಅಡಿಕೆ ದಬ್ಬೆಗಳನ್ನು ಒತ್ತಾಗಿ ಹೊಂದಿಸಿ, ತಂತಿಯಿಂದ ಬಿಗಿದು, ಕೈಹಿಡಿಗೆ ಒಂದು ಬಿದಿರು ಕಟ್ಟಿದರೆ ಆ ವರ್ಷದ ದಾರಿ ಸಿದ್ಧವಾಗುತ್ತಿತ್ತು. ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ತಾಲೂಕೊಂದರಲ್ಲಿರುವ ನಮ್ಮ 23 ಮನೆಗಳಿಗೆ ಶಾಲೆ, ರೇಷನ್ ಅಂಗಡಿ, ಹಾಲಿನ ಸೊಸೈಟಿ, ಬಸ್ಸು ನಿಲ್ಲುವ ಜಾಗ ಎಲ್ಲವೂ ಹಳ್ಳದ ಆಚೆಗಿವೆ. ಸಂಕ ದಾಟಿದರೆ ಒಂದು ಕಿಲೋಮೀಟರ್, ದಾಟದೆ ಗುಡ್ಡ ಸುತ್ತಿ ಹೋದರೆ ಒಂಬತ್ತು ಕಿಲೋಮೀಟರ್.

2019ರ ಆಗಸ್ಟ್ ತಿಂಗಳ ಆಶ್ಲೇಷಾ ಮಳೆ ರಾಜ್ಯದ ಬಹುಭಾಗವನ್ನು ಮುಳುಗಿಸಿದಾಗ ನಮ್ಮ ಸಂಕವೂ ಒಂದು ರಾತ್ರಿ ಹೋಯಿತು. ಮೇಲಿನಿಂದ ಉರುಳಿಬಂದ ಮರವೊಂದು ನಡುವಿನ ಬಂಡೆಗೆ ಅಡ್ಡ ಸಿಕ್ಕಿ, ಅದಕ್ಕೆ ಸೊಪ್ಪು ಕಸವೆಲ್ಲ ತಡೆದು, ಕಟ್ಟೆಯಂತೆ ನಿಂತ ನೀರು ಒಮ್ಮೆಲೇ ದಿಮ್ಮಿಗಳನ್ನು ಎತ್ತಿಕೊಂಡು ಹೋಗಿತ್ತು. ಅದಾದ ಮೂರನೆಯ ದಿನ ಕೊನೆಯ ಮನೆಯ ಅಜ್ಜಿಗೆ ಒಂದು ಕಡೆಯ ಕೈಕಾಲು ಬಿದ್ದುಹೋಯಿತು. ಪ್ಲಾಸ್ಟಿಕ್ ಕುರ್ಚಿಗೆ ಎರಡು ಗಳು ಕಟ್ಟಿ, ಆಕೆಯನ್ನು ಕಂಬಳಿಯಲ್ಲಿ ಸುತ್ತಿ ಕೂರಿಸಿಕೊಂಡು, ನಾವು ಎಂಟು ಜನ ಸರದಿಯ ಮೇಲೆ ಹೊತ್ತು ಗುಡ್ಡದ ದಾರಿಯಲ್ಲಿ ಡಾಂಬರು ರಸ್ತೆ ಮುಟ್ಟುವಾಗ ಮಧ್ಯಾಹ್ನ ಕಳೆದಿತ್ತು. ಆಕೆ ಬದುಕಿದರು, ಆದರೆ ಆ ಬಲಗೈ ಮತ್ತೆ ಏಳಲಿಲ್ಲ. ಬೇಗ ಕರೆತಂದಿದ್ದರೆ ಒಳ್ಳೆಯದಿತ್ತು ಎಂದು ವೈದ್ಯರು ಹೇಳಿದ ಮಾತನ್ನು ಕೇಳಿಸಿಕೊಂಡವರಲ್ಲಿ ನಾನೂ ಒಬ್ಬ. ಮುಂದಿನ ವರ್ಷ ಮತ್ತೆ ದಬ್ಬೆ ಸೀಳುವುದಿಲ್ಲ, ಸರ್ಕಾರದ ಹಣದಲ್ಲಿ ಗಟ್ಟಿ ಸಂಕ ಆಗಲೇಬೇಕು ಎಂದು ನಾವು ತೀರ್ಮಾನಿಸಿದ್ದು ಆ ವಾರ. ಹಾಲಿನ ಸೊಸೈಟಿಯ ಲೆಕ್ಕ ಬರೆಯುವವನಾದ್ದರಿಂದ ಅರ್ಜಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ಅಕ್ಟೋಬರ್ ಗ್ರಾಮಸಭೆಯಲ್ಲಿ ಕೊಟ್ಟ ಮೊದಲ ಮನವಿಯಲ್ಲಿ ನಾನು ಮಾಡಿದ ತಪ್ಪು ಆಮೇಲೆ ತಿಳಿಯಿತು. ಒಂದೇ ಕಾಗದದಲ್ಲಿ ಸೇತುವೆ, ಸೇತುವೆಯಿಂದ ಮಜರೆಯವರೆಗಿನ ರಸ್ತೆ, ನಾಲ್ಕು ಬೀದಿದೀಪ ಮೂರನ್ನೂ ಕೇಳಿದ್ದೆ. ಇವು ಮೂರೂ ಬೇರೆ ಬೇರೆ ಲೆಕ್ಕಶೀರ್ಷಿಕೆಯ ಕೆಲಸಗಳಾದ್ದರಿಂದ ಆ ಕಾಗದ ಯಾವ ಮೇಜಿಗೂ ಪೂರ್ತಿ ಸೇರಲಿಲ್ಲ. ಎರಡು ತಿಂಗಳ ನಂತರ ಬಂದ ಹಿಂಬರಹದಲ್ಲಿ ‘ಅನುದಾನದ ಲಭ್ಯತೆಗೆ ಅನುಗುಣವಾಗಿ ಪರಿಶೀಲಿಸಲಾಗುವುದು’ ಎಂದಿತ್ತು. ಅದನ್ನು ಭರವಸೆ ಎಂದು ತಿಳಿದು ನಾವು ಒಂದು ಬೇಸಿಗೆಯನ್ನು ಕಳೆದುಕೊಂಡೆವು. ಕಡತ ಸಂಖ್ಯೆಯಿಲ್ಲದ ಉತ್ತರವನ್ನು ಉತ್ತರವೆಂದು ಎಣಿಸಬಾರದು ಎಂಬುದು ಗೊತ್ತಾದದ್ದು ನಂತರ.

ಹಣ ಎಲ್ಲಿಂದ ಬರಬಹುದು ಎಂದು ಹುಡುಕುವುದೇ ಒಂದು ಕೆಲಸವಾಯಿತು. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ಹೆಸರು ಎಲ್ಲರ ಬಾಯಲ್ಲೂ ಇತ್ತು. 2000ನೇ ಇಸವಿಯಲ್ಲಿ ಆರಂಭವಾದ ಆ ಯೋಜನೆಯಲ್ಲಿ ಸಂಪರ್ಕ ಸಿಗಬೇಕಾದರೆ ಆಗ 2001ರ ಜನಗಣತಿಯ ಪ್ರಕಾರ ಜನವಸತಿಯಲ್ಲಿ 500 ಜನ ಇರಬೇಕಿತ್ತು. ಹಿಮಾಲಯದ ಮತ್ತು ಈಶಾನ್ಯದ ಗುಡ್ಡಗಾಡು ರಾಜ್ಯಗಳಿಗೆ ಹಾಗೂ ಪರಿಶಿಷ್ಟ ಬುಡಕಟ್ಟು ಪ್ರದೇಶಗಳಿಗೆ ಅದು 250ಕ್ಕೆ ಇಳಿಯುತ್ತಿತ್ತಾದರೂ ನಮ್ಮ ಸಹ್ಯಾದ್ರಿಯ ಊರುಗಳು ಆ ಪಟ್ಟಿಯಲ್ಲಿ ಬರುತ್ತಿರಲಿಲ್ಲ. ಬಯಲುಸೀಮೆಯಲ್ಲಿ ಐನೂರು ಜನ ಒಂದೇ ಕಡೆ ಗುಂಪಾಗಿ ಇರುತ್ತಾರೆ. ನಮ್ಮಲ್ಲಿ ತೋಟ ಇರುವ ಕಡೆ ಮನೆ, ಒಂದು ಕಣಿವೆಗೆ ನಾಲ್ಕು ಮನೆ, ಇನ್ನೊಂದಕ್ಕೆ ಹತ್ತು. ನಾವು 104 ಜನ. ಈ ಎಣಿಕೆಯ ಕ್ರಮ ಮಲೆನಾಡಿಗೆ ಅನ್ಯಾಯ ಮಾಡುತ್ತದೆ ಎಂದು ನಾನು ನಂಬುತ್ತೇನೆ, ಇದನ್ನು ಪ್ರತಿ ಗ್ರಾಮಸಭೆಯಲ್ಲೂ ಹೇಳುತ್ತ ಬಂದಿದ್ದೇನೆ.

ಉದ್ಯೋಗ ಖಾತರಿಯಲ್ಲಿ ಕೂಲಿಗೆ 60, ಸಾಮಗ್ರಿಗೆ 40ರ ಅನುಪಾತ ಕಾಯ್ದುಕೊಳ್ಳಬೇಕಾದ್ದರಿಂದ ಸಿಮೆಂಟು ಕಬ್ಬಿಣವೇ ಹೆಚ್ಚಿರುವ ಸೇತುವೆಯನ್ನು ಅದರಲ್ಲಿ ಮಾಡುವುದು ಪಂಚಾಯಿತಿಗೆ ಕಷ್ಟ, ದಾರಿಯ ಮಣ್ಣು ಕೆಲಸ ಮಾಡಬಹುದು ಎಂದು ಪಿಡಿಒ ವಿವರಿಸಿದರು. ನಬಾರ್ಡಿನಲ್ಲಿ 1995–96ರಲ್ಲಿ ಸ್ಥಾಪನೆಯಾದ ಗ್ರಾಮೀಣ ಮೂಲಸೌಕರ್ಯ ಅಭಿವೃದ್ಧಿ ನಿಧಿಯಿಂದ ಗ್ರಾಮೀಣ ಸೇತುವೆಗಳಿಗೆ ಹಣ ಬರುತ್ತದೆ, ಆದರೆ ಅದು ರಾಜ್ಯ ಸರ್ಕಾರ ಪಡೆಯುವ ಸಾಲ. ಇಲಾಖೆಯ ಪಟ್ಟಿಯಲ್ಲಿ ಸೇರಿ ಹೋಗಬೇಕೇ ಹೊರತು ಊರಿನವರು ನೇರ ಅರ್ಜಿ ಹಾಕುವಂತಿಲ್ಲ. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ, ಇಡೀ ಕ್ಷೇತ್ರಕ್ಕೆ. ಶಿವಮೊಗ್ಗದಲ್ಲಿ ಕೇಂದ್ರ ಕಚೇರಿಯಿರುವ ಮಲೆನಾಡು ಪ್ರದೇಶಾಭಿವೃದ್ಧಿ ಮಂಡಳಿಯೂ ಇಂಥ ಕೆಲಸ ಕೈಗೊಳ್ಳುತ್ತದೆ. ನಾವು ಇವುಗಳಲ್ಲಿ ಯಾವುದನ್ನೂ ಬಿಡದೆ ಬರೆದೆವು. ಎಲ್ಲ ಕಡೆಯಿಂದ ಬಂದ ಪ್ರಶ್ನೆ ಒಂದೇ ಆಗಿತ್ತು: ಅಂದಾಜು ಪಟ್ಟಿ ಎಲ್ಲಿ, ಜಾಗದ ದಾಖಲೆ ಎಲ್ಲಿ?

ಇದರ ನಡುವೆ ಮಜರೆಯೊಳಗೇ ಒಂದು ದೊಡ್ಡ ಚರ್ಚೆ ಎದ್ದಿತು. ಕೇಳುವುದಾದರೆ ಜೀಪು ಹೋಗುವ ಸೇತುವೆಯನ್ನೇ ಕೇಳಬೇಕು, ಈಗ ಕಾಲುಸಂಕಕ್ಕೆ ಒಪ್ಪಿಕೊಂಡರೆ ‘ಇವರಿಗೆ ಸಂಪರ್ಕ ಆಗಿದೆ’ ಎಂದು ಬರೆದುಕೊಂಡು ಮುಂದೆ ಐವತ್ತು ವರ್ಷ ಯಾರೂ ತಿರುಗಿ ನೋಡುವುದಿಲ್ಲ ಎಂಬುದು ಹುಡುಗರ ವಾದ. ಅದರಲ್ಲಿ ಹುರುಳಿತ್ತು. ಜೀಪಿನ ಸೇತುವೆಯೆಂದರೆ ಅದಕ್ಕೆ ತಕ್ಕ ರಸ್ತೆ ಬೇಕು, ರಸ್ತೆಗೆ ಅರಣ್ಯದ ಜಾಗ ಹೆಚ್ಚು ಬೇಕು, ಅಂದಾಜು ನಾಲ್ಕು ಪಟ್ಟು ಏರುತ್ತದೆ, ಅಷ್ಟರಲ್ಲಿ ಎಷ್ಟು ಮಳೆಗಾಲ ಕಳೆಯುತ್ತದೋ ಎಂಬುದು ನಮ್ಮ ವಾದ. ಮೂರು ಸಂಜೆ ಕೂತು ಮಾತಾಡಿದ ಮೇಲೆ, ಬೈಕು ಮತ್ತು ಕೈಗಾಡಿ ಹೋಗುವಂತೆ ಎರಡು ಮೀಟರ್ ಅಗಲದ ಸೇತುವೆ ಕೇಳುವುದೆಂದು ಒಪ್ಪಿದೆವು. ಆ ತೀರ್ಮಾನವನ್ನು ಹಾಳೆಯ ಮೇಲೆ ಬರೆದು 23 ಮನೆಯವರ ಸಹಿ ತೆಗೆದುಕೊಂಡದ್ದು ಒಳ್ಳೆಯದಾಯಿತು. ಮುಂದೆ ಒಬ್ಬೊಬ್ಬರು ಒಂದೊಂದು ಕಚೇರಿಯಲ್ಲಿ ಬೇರೆ ಬೇರೆ ಮಾತು ಹೇಳುವ ಸಂದರ್ಭ ಬರಲಿಲ್ಲ.

2020 ಕೊರೊನಾದಲ್ಲಿ ಹೋಯಿತು. ಪಂಚಾಯಿತಿಯ ಅವಧಿ ಮುಗಿದು ಆಡಳಿತಾಧಿಕಾರಿ ಬಂದರು. ಡಿಸೆಂಬರ್‌ನಲ್ಲಿ ಚುನಾವಣೆಯಾಗಿ ಹೊಸ ಸದಸ್ಯರು ಕೂರುವಾಗ 2021 ಬಂದಿತ್ತು. ಅದೇ ವರ್ಷ ತಾಲೂಕು ಮತ್ತು ಜಿಲ್ಲಾ ಪಂಚಾಯಿತಿಗಳ ಅವಧಿಯೂ ಮುಗಿದು, ಅವುಗಳಿಗೆ ಚುನಾವಣೆ ನಡೆಯದೇ ಉಳಿದದ್ದರಿಂದ, ನಮ್ಮ ಪರವಾಗಿ ಮೇಲಿನ ಸಭೆಯಲ್ಲಿ ಎದ್ದು ಕೇಳುವ ಜನಪ್ರತಿನಿಧಿಯೇ ಇಲ್ಲವಾದರು. ಜುಲೈ 2021ರ ನೆರೆ ತಾತ್ಕಾಲಿಕ ಸಂಕವನ್ನೂ ಒಯ್ದಿತು. ಆ ಅಕ್ಟೋಬರ್‌ನ ಗ್ರಾಮಸಭೆಯಲ್ಲಿ ಎರಡನೆಯ ಅರ್ಜಿ ಕೊಟ್ಟೆವು. ಈ ಸಲ ಒಂದೇ ಕೆಲಸ, ಒಂದೇ ಕಾಗದ, ಜೊತೆಗೆ ಜನರ ಓಡಾಟದ ಲೆಕ್ಕ.

ಆ ಲೆಕ್ಕದ ಬಗ್ಗೆ ಹೇಳಲೇಬೇಕು. ‘ದಿನಕ್ಕೆ ಎಷ್ಟು ಜನ ದಾಟುತ್ತಾರೆ’ ಎಂದು ಪಂಚಾಯಿತಿಯಲ್ಲಿ ಕೇಳಿದಾಗ ‘ಎಲ್ಲರೂ ದಾಟುತ್ತಾರೆ’ ಎಂಬುದಕ್ಕಿಂತ ಹೆಚ್ಚಿನ ಉತ್ತರ ನಮ್ಮಲ್ಲಿರಲಿಲ್ಲ. ಹೈಸ್ಕೂಲಿಗೆ ಹೋಗುವ ಇಬ್ಬರು ಹುಡುಗಿಯರು ರಜೆಯ ನಾಲ್ಕು ದಿನ ಹಳ್ಳದ ದಂಡೆಯ ಮಾವಿನ ಮರದ ಬುಡದಲ್ಲಿ ಕೂತು, ಬೆಳಿಗ್ಗೆ ಆರರಿಂದ ಸಂಜೆ ಏಳರವರೆಗೆ ನೋಟುಪುಸ್ತಕದಲ್ಲಿ ಗೀಟು ಎಳೆದರು. ಹಾಲು, ರೇಷನ್, ಆಸ್ಪತ್ರೆ, ಕೂಲಿ, ಬಸ್ಸು ಎಂದು ಐದು ಕಾಲಂ. ಶಾಲೆ ತೆರೆದ ಮೇಲೆ ಆರನೆಯದನ್ನು ಅವರೇ ಸೇರಿಸಿದರು. ಹೆಚ್ಚೆಂದರೆ ಒಂದು ದಿನ 142 ಸಲ ಜನ ದಾಟಿದ್ದರು. ತುಂತುರು ಬಿದ್ದು ಶಾಯಿ ಹರಡಿದ ಆ ಹಾಳೆಗಳನ್ನೇ ನಕಲು ಮಾಡಿಸಿ ಅರ್ಜಿಗೆ ಲಗತ್ತಿಸಿದೆ. ನಮ್ಮ ಕಡತದಲ್ಲಿ ಎಲ್ಲ ಅಧಿಕಾರಿಗಳೂ ನಿಂತು ಓದಿದ ಪುಟಗಳು ಅವು.

ಠರಾವು ಆಗಿ, ಕ್ರಿಯಾಯೋಜನೆಯ ಪಟ್ಟಿಗೆ ಹೆಸರು ಸೇರಿ, 2022ರ ಜನವರಿಯಲ್ಲಿ ಅಂದಾಜು ಮಾಡಲು ಕಿರಿಯ ಇಂಜಿನಿಯರ್ ಬಂದರು. ಮೊದಲೇ ಸಿದ್ಧವಿದ್ದ ಮಾದರಿ ನಕ್ಷೆಯಲ್ಲಿ ನಡುವಿನ ಬಂಡೆಯ ಮೇಲೆ ಒಂದು ಕಂಬ ಎಬ್ಬಿಸಿ, ಎರಡು ತುಂಡಿನಲ್ಲಿ ಕಾಂಕ್ರೀಟ್ ಹಾಸುವುದಿತ್ತು. ನನ್ನ ತಂದೆ ಅಲ್ಲಿಯವರೆಗೆ ಸುಮ್ಮನಿದ್ದವರು, ಮುಂದೆ ಬಂದು ‘ಸಾಹೇಬ್ರೇ, ಬಂಡೆ ಮೇಲೆ ಕಂಬ ಬೇಡ, ಮರ ಬಂದು ನಿಲ್ಲೋದೇ ಅಲ್ಲಿ’ ಎಂದರು. ಆಮೇಲೆ ಅವರನ್ನು ಕರೆದುಕೊಂಡು ದಂಡೆಯ ಮತ್ತಿ ಮರದ ಹತ್ತಿರ ಹೋದರು. 2019ರ ನೀರು ಇಳಿದ ಮರುದಿನ, ಕಸ ಕಚ್ಚಿಕೊಂಡಿದ್ದ ಎತ್ತರಕ್ಕೆ ಸರಿಯಾಗಿ, ಅವರು ಆ ಮರದ ಕಾಂಡದಲ್ಲಿ ಕತ್ತಿಯಿಂದ ಒಂದು ಕಚ್ಚು ಮಾಡಿಟ್ಟಿದ್ದರು. ಕಚ್ಚಿನ ಅಂಚು ಅಷ್ಟರಲ್ಲಿ ಉಬ್ಬಿ ತೊಗಟೆ ಕೂಡಿಕೊಳ್ಳುತ್ತ ಬಂದಿತ್ತು. ಇಂಜಿನಿಯರ್ ಅಲ್ಲಿ ಬೆರಳಿಟ್ಟು, ಲೆವೆಲ್ ಯಂತ್ರದ ಕೋಲನ್ನು ಪಕ್ಕಕ್ಕೆ ಹಿಡಿಸಿ ಅಳತೆ ತೆಗೆದುಕೊಂಡರು.

ಮಾದರಿ ನಕ್ಷೆಯ ಸೇತುವೆ ಆ ಕಚ್ಚಿಗಿಂತ ಕೆಳಗೆ ಬರುತ್ತಿತ್ತು. ಗರಿಷ್ಠ ನೆರೆಮಟ್ಟದಿಂದ ಸೇತುವೆಯ ತಳದವರೆಗೆ ತೆರಪು ಇರಬೇಕೆಂದೂ, ನಮ್ಮ ಹಳ್ಳದಷ್ಟು ನೀರು ಹರಿಯುವಲ್ಲಿ ಅದು 900 ಮಿಲಿಮೀಟರ್‌ಗಿಂತ ಕಡಿಮೆಯಾಗಬಾರದೆಂದೂ ಅವರೇ ವಿವರಿಸಿದರು. ನಕ್ಷೆ ಬದಲಾಯಿತು: ನಡುವೆ ಕಂಬವಿಲ್ಲದೆ ದಂಡೆಯಿಂದ ದಂಡೆಗೆ 14 ಮೀಟರ್, ಉಕ್ಕಿನ ತೊಲೆ, ಮೇಲೆ ಕಾಂಕ್ರೀಟ್ ಹಾಸು, ಎರಡೂ ಕಡೆ ಕಟಾಂಜನ. ಅಂದಾಜು 14 ಲಕ್ಷದಿಂದ 19 ಲಕ್ಷಕ್ಕೆ ಏರಿತು. ಹಣ ಹೆಚ್ಚಾದರೆ ಮಂಜೂರಾಗುವುದಿಲ್ಲವೇನೋ ಎಂದು ನಮ್ಮಲ್ಲಿ ಕೆಲವರು ಅಳುಕಿದರು. ಕೊಚ್ಚಿಕೊಂಡು ಹೋಗುವ ಸಂಕವನ್ನು ನಾವೇ ಹಾಕಿಕೊಳ್ಳಬಲ್ಲೆವು, ಅದಕ್ಕೆ ಸರ್ಕಾರ ಬೇಕಿಲ್ಲ ಎಂದು ತಂದೆ ಹೇಳಿದ ಮೇಲೆ ಆ ಮಾತು ನಿಂತಿತು.

ಮಾರ್ಚ್‌ನಲ್ಲಿ ಅಂದಾಜು ಪಟ್ಟಿ ತಾಂತ್ರಿಕ ಮಂಜೂರಾತಿಗೆ ಮೇಲೆ ಹೋಯಿತು. ಏಪ್ರಿಲ್, ಮೇ, ಜೂನ್ ಏನೂ ಕೇಳಿಬರಲಿಲ್ಲ. ಹೋದಾಗಲೆಲ್ಲ ‘ಮೇಲಿನ ಕಚೇರಿಯಲ್ಲಿದೆ’ ಎಂಬ ಉತ್ತರ. ಕೊನೆಗೆ ಜುಲೈನಲ್ಲಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕಡತದ ಟಿಪ್ಪಣಿ ಹಾಳೆಗಳ ನಕಲು ಕೇಳಿದೆ. ಮೂವತ್ತು ದಿನದೊಳಗೆ ಬಂದ ಆ ಹಾಳೆಗಳನ್ನು ನೋಡಿದಾಗ, ಕಡತ ಮೇ ತಿಂಗಳಲ್ಲೇ ಜಾಗದ ದಾಖಲೆ ಇಲ್ಲವೆಂದು ವಾಪಸಾಗಿ, ಕೆಳಗಿನ ಕಚೇರಿಯ ಕಪಾಟಿನಲ್ಲಿ ಇತ್ತು. ನಮಗೆ ಒಂದು ಸಾಲು ಬರೆದು ತಿಳಿಸಿದ್ದರೆ ಆ ಮೂರು ತಿಂಗಳು ಉಳಿಯುತ್ತಿತ್ತು. ಆ ಮೇಲೆ ತಿಂಗಳಿಗೊಮ್ಮೆ ಹೋಗಿ ಕಡತ ಯಾವ ಮೇಜಿನಲ್ಲಿದೆ, ಯಾವ ದಿನಾಂಕದಿಂದ ಇದೆ ಎಂದು ಕೇಳಿ ಬರೆದಿಡುವುದನ್ನು ರೂಢಿ ಮಾಡಿಕೊಂಡೆ.

ಜಾಗದ ದಾಖಲೆ ಎಂದರೆ ಎರಡು ಭಾಗ. ಹಳ್ಳದ ಈಚೆಯ ದಂಡೆ ನಮ್ಮದೇ ಮಜರೆಯವರ ಅಡಿಕೆ ತೋಟ; ಆಚೆಯದು ಸೊಪ್ಪಿನ ಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು ತರಲು ನಮಗೆ ಬಿಟ್ಟಿರುವ, ಆದರೆ ದಾಖಲೆಯಲ್ಲಿ ಅರಣ್ಯವೇ ಆಗಿರುವ ಭೂಮಿ. ಹಳೆಯ ಗ್ರಾಮನಕ್ಷೆ ತೆಗೆಸಿ ನೋಡಿದರೆ ಹಳ್ಳದವರೆಗೆ ಚುಕ್ಕೆ ಗೆರೆಯಲ್ಲಿ ಕಾಲುದಾರಿ ತೋರಿಸಿತ್ತು. ಹಳ್ಳ ದಾಟಿದ ಮೇಲೆ ಗೆರೆ ಇರಲಿಲ್ಲ. ನಾಲ್ಕು ತಲೆಮಾರು ನಡೆದು ಸವೆದ ದಾರಿ ಕಾಗದದಲ್ಲಿ ಅರ್ಧಕ್ಕೆ ನಿಂತಿತ್ತು. ನಾವು ಇಷ್ಟು ದಿನ ಸೇತುವೆ ಕೇಳುತ್ತಿದ್ದೇವೆಂದು ತಿಳಿದಿದ್ದೆವು, ಕಚೇರಿಗಳ ಕಣ್ಣಿಗೆ ದಾರಿಯೇ ಇಲ್ಲದ ಕಡೆ ಸೇತುವೆ ಕೇಳುತ್ತಿದ್ದೆವು.

ತೋಟದ ಭಾಗದಲ್ಲಿ ಸೇತುವೆಯ ಬುಡಕ್ಕೂ ಏರುದಾರಿಗೂ ಸೇರಿ ಒಂದೂವರೆ ಗುಂಟೆ ಬೇಕಿತ್ತು. ಇಂಥ ಕಾಮಗಾರಿಗೆ ಜಾಗಕ್ಕೆ ಪರಿಹಾರವಿಲ್ಲ, ಮಾಲೀಕರು ಛಾಪಾ ಕಾಗದದ ಮೇಲೆ ಒಪ್ಪಿಗೆ ಬರೆದುಕೊಡಬೇಕು. ತೋಟದ ಮನೆಯವರು ಹನ್ನೊಂದು ಅಡಿಕೆ ಮರ ಹೋಗುತ್ತದೆಂದು ಗೊತ್ತಿದ್ದೂ ಒಂದೇ ಮಾತಿಗೆ ಒಪ್ಪಿದರು. ಆದರೆ ಪಹಣಿ ತೆಗೆಸಿದರೆ ಅದರಲ್ಲಿ 1990ರ ಸುಮಾರಿಗೆ ತೀರಿಕೊಂಡ ಅಜ್ಜನ ಹೆಸರೇ ಇತ್ತು. ಫೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಆಗದೆ ಒಪ್ಪಿಗೆ ಪತ್ರಕ್ಕೆ ಬೆಲೆಯಿಲ್ಲ. ವಂಶವೃಕ್ಷ ಬರೆದಾಗ ವಾರಸುದಾರರು ಏಳು ಜನ: ಮೂವರು ಊರಲ್ಲಿ, ಇಬ್ಬರು ಬೆಂಗಳೂರಿನಲ್ಲಿ, ಒಬ್ಬರು ಹುಬ್ಬಳ್ಳಿಯಲ್ಲಿ, ಒಬ್ಬ ತಂಗಿ ಸಾಗರದ ಕಡೆಗೆ ಕೊಟ್ಟವರು. ಅಣ್ಣತಮ್ಮಂದಿರ ನಡುವೆ ಪಾಲಿನ ಮಾತು ಎರಡು ಸಲ ಬಂದು ನಿಂತುಹೋಗಿತ್ತಾದ್ದರಿಂದ, ಈ ಸಹಿ ಆ ಹಳೆಯ ಮಾತನ್ನು ಎಬ್ಬಿಸೀತೆಂಬ ಹೆದರಿಕೆ ಎಲ್ಲರಿಗೂ ಇತ್ತು. ನಾನೂ ಆ ಮನೆಯ ಹಿರಿಯ ಅಣ್ಣನೂ ಸಾಗರಕ್ಕೆ ಹೋದೆವು. ಚಹಾ ಕೊಟ್ಟು, ನಾವು ವಿವರಿಸುವುದನ್ನು ಅರ್ಧಕ್ಕೇ ತಡೆದು, ಆ ತಂಗಿ ‘ನಾನೂ ಅದೇ ಸಂಕ ದಾಟಿ ಶಾಲೆಗೆ ಹೋದವಳಲ್ವಾ ಅಣ್ಣಾ, ಎಲ್ಲಿ ಸಹಿ ಹಾಕ್ಬೇಕು ಹೇಳು’ ಎಂದರು. ಉಳಿದವರದೂ ದೀಪಾವಳಿಗೆ ಊರಿಗೆ ಬಂದಾಗ ಆಯಿತು. ಖಾತೆ ಬದಲಾಗಿ ಹೊಸ ಪಹಣಿ ಕೈಗೆ ಬರುವಾಗ ನವೆಂಬರ್ ಮುಗಿಯುತ್ತಿತ್ತು.

ಬೆಟ್ಟದ ಭಾಗಕ್ಕೆ ದಾರಿ ತೋರಿಸಿದ್ದು ಅರಣ್ಯ ಇಲಾಖೆಯವರೇ. 2006ರ ಅರಣ್ಯ ಹಕ್ಕು ಕಾಯ್ದೆ ಎಂದರೆ ಅತಿಕ್ರಮಣ ಸಕ್ರಮ ಎಂದಷ್ಟೇ ನಮ್ಮ ಕಡೆ ತಿಳಿದಿದ್ದಾರೆ. ಅದರ 3(2)ನೇ ಕಲಮಿನಲ್ಲಿ ಶಾಲೆ, ಅಂಗನವಾಡಿ, ಕುಡಿಯುವ ನೀರು, ರಸ್ತೆ ಮುಂತಾದ 13 ಬಗೆಯ ಊರಿನ ಸೌಕರ್ಯಗಳಿಗೆ ಒಂದು ಹೆಕ್ಟೇರ್‌ಗಿಂತ ಕಡಿಮೆ ಅರಣ್ಯ ಭೂಮಿಯನ್ನು, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯದಂತೆ, ಗ್ರಾಮಸಭೆಯ ಶಿಫಾರಸಿನ ಮೇಲೆ ಬಿಟ್ಟುಕೊಡಲು ಅವಕಾಶವಿದೆ, ದೆಹಲಿಯವರೆಗೆ ಹೋಗಬೇಕಿಲ್ಲ. ನಮಗೆ ಬೇಕಾದದ್ದು ನಾಲ್ಕು ಗುಂಟೆ, ಕಡಿಯಬೇಕಾದದ್ದು ಮೂರು ಮರ. ಅರ್ಜಿಯನ್ನು ನಾವಲ್ಲ, ಕಾಮಗಾರಿ ಮಾಡುವ ಇಲಾಖೆಯೇ ನಮೂನೆ ‘ಎ’ಯಲ್ಲಿ ವಲಯ ಅರಣ್ಯಾಧಿಕಾರಿಗೆ ಕೊಡಬೇಕು. ಇಲಾಖೆಗೆ ಇದು ಹೊಸದಾಗಿತ್ತು. ಕಾಯ್ದೆಯ ಆ ಪುಟವನ್ನು ನಕಲು ಮಾಡಿ, ಕಲಮಿನ ಕೆಳಗೆ ಗೆರೆ ಎಳೆದು ಕೊಟ್ಟುಬಂದೆ. ಗ್ರಾಮಸಭೆಗೆ ಕೋರಂ ಕೂಡಿಸಲು ಅಡಿಕೆ ಕೊಯ್ಲಿನ ಹೊತ್ತಿನಲ್ಲಿ ಮನೆಮನೆಗೆ ಎರಡು ಸಲ ಹೋಗಬೇಕಾಯಿತು.

ಈ ನಡುವೆ, 2022ರ ಆಗಸ್ಟ್‌ನಲ್ಲಿ, ಬೈಂದೂರು ತಾಲೂಕಿನಲ್ಲಿ ಶಾಲೆಯಿಂದ ಮನೆಗೆ ಬರುತ್ತಿದ್ದ ಪುಟ್ಟ ಹುಡುಗಿಯೊಬ್ಬಳು ಕಾಲುಸಂಕದಿಂದ ಜಾರಿ ಹಳ್ಳದ ಪಾಲಾದಳು. ಸುದ್ದಿ ಬಂದ ಸಂಜೆ ನಮ್ಮ ಮಜರೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಅದಾಗಿ ಕೆಲವೇ ವಾರಗಳಲ್ಲಿ ನಮ್ಮ ಪಂಚಾಯಿತಿಯಿಂದಲೂ ಅಪಾಯದ ಸಂಕಗಳ ಪಟ್ಟಿ ಕೇಳಿದರು. ಅಂದಾಜು, ಠರಾವು, ಓಡಾಟದ ಲೆಕ್ಕ ಸಿದ್ಧವಿದ್ದ ನಮ್ಮ ಹೆಸರು ಪಟ್ಟಿಯ ಮೇಲ್ಭಾಗಕ್ಕೆ ಹೋಯಿತು. ಆ ಮಗುವಿನ ಸಾವಿನ ನಂತರ ನಮ್ಮ ಕಡತ ಬೇಗ ಚಲಿಸಿತು ಎಂಬುದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಅಷ್ಟರಲ್ಲಿ ಅಂದಾಜು ಹಳತಾಗಿತ್ತು. 2022ರ ಜುಲೈ 18ರಿಂದ ಸರ್ಕಾರಿ ಕಾಮಗಾರಿಗಳ ಮೇಲಿನ ಜಿ.ಎಸ್.ಟಿ. ಶೇ. 12ರಿಂದ 18ಕ್ಕೆ ಏರಿದ್ದರಿಂದ ಪಟ್ಟಿಯನ್ನು ಪರಿಷ್ಕರಿಸಿ ಮತ್ತೆ ಮೊದಲಿನಿಂದ ಸಹಿ ಹಾಕಿಸಬೇಕಾಯಿತು. 2023ರ ಮಾರ್ಚ್ ಮೂರನೆಯ ವಾರ ಆಡಳಿತಾತ್ಮಕ ಅನುಮೋದನೆ ಬಂತು. ಮಾರ್ಚ್ 29ಕ್ಕೆ ವಿಧಾನಸಭಾ ಚುನಾವಣೆ ಘೋಷಣೆಯಾಗಿ ನೀತಿಸಂಹಿತೆ ಜಾರಿಯಾಯಿತು. ಮೇ ತಿಂಗಳಲ್ಲಿ ಹೊಸ ಸರ್ಕಾರ ಬಂದಾಗ, ಹಿಂದಿನ ಅವಧಿಯಲ್ಲಿ ಮಂಜೂರಾಗಿ ಆರಂಭವಾಗದ ಕಾಮಗಾರಿಗಳನ್ನು ತಡೆಹಿಡಿಯುವ ಆದೇಶ ಹೊರಟಿತು. ಆ ಮಳೆಗಾಲಕ್ಕೆ ಮತ್ತೆ ದಬ್ಬೆ ಸೀಳಿದೆವು. ತಡೆ ತೆರವಾಗಿ ಸೆಪ್ಟೆಂಬರ್‌ನಲ್ಲಿ ಟೆಂಡರ್ ಕರೆದರೆ, ಸಾಮಗ್ರಿಯನ್ನು ಕೊನೆಯ ಒಂದು ಕಿಲೋಮೀಟರ್ ತಲೆಹೊರೆಯಲ್ಲಿ ಸಾಗಿಸಬೇಕಾದ ಈ ಸಣ್ಣ ಕೆಲಸಕ್ಕೆ ಯಾರೂ ಬರಲಿಲ್ಲ. ಎರಡನೆಯ ಕರೆಗೆ ಒಬ್ಬರು ಬಂದರು. ಜಲ್ಲಿ, ಮರಳು ಹೊರಲು ಮಜರೆಯವರೇ ಕೂಲಿಗೆ ಬರುತ್ತೇವೆಂದು ನಾವು ಅವರಿಗೆ ಮೊದಲೇ ಮಾತು ಕೊಟ್ಟಿದ್ದೆವು. ಡಿಸೆಂಬರ್‌ನಲ್ಲಿ ಕಾರ್ಯಾದೇಶವಾಗಿ, 2024ರ ಮೇ ಎರಡನೆಯ ವಾರ ಸೇತುವೆಯ ಹಾಸಿನ ಕಾಂಕ್ರೀಟ್ ಹಾಕಿದರು. ಇಪ್ಪತ್ತೊಂದು ದಿನ ಗೋಣಿಚೀಲ ಹೊದೆಸಿ ನೀರು ಹಾಕಿದ್ದು ನಮ್ಮ ಹೆಂಗಸರು.

ಆ ವರ್ಷದ ಪುಷ್ಯ ಮಳೆಗೆ ಹಳ್ಳ ಜೋರಾಗಿ ಬಂದ ದಿನ ತಂದೆ ಕೊಡೆ ಹಿಡಿದು ಸೇತುವೆಯ ಮೇಲೆ ಬಹಳ ಹೊತ್ತು ನಿಂತಿದ್ದರು. ನೀರು ಮತ್ತಿ ಮರದ ಕಚ್ಚಿಗೆ ಎರಡು ಗೇಣು ಕೆಳಗಿತ್ತು. ಮೇಲಿನಿಂದ ಬಂದ ಮರದ ಬೊಡ್ಡೆಯೊಂದು ಎಲ್ಲೂ ತಗಲದೆ ಸೇತುವೆಯ ಅಡಿಯಲ್ಲಿ ಹಾದುಹೋಯಿತು.

ಕೆಲಸ ಪೂರ್ತಿಯಾಗಿಲ್ಲ. ಉದ್ಯೋಗ ಖಾತರಿಯಲ್ಲಿ ಈಚೆಯ ಏರುದಾರಿಗೆ ಕಲ್ಲು ಕಟ್ಟಿ ಮುಗಿಸಿದ್ದೇವೆ. ಆಚೆ ಬೆಟ್ಟದೊಳಗಿನ ಅರವತ್ತು ಮೀಟರ್ ಇನ್ನೂ ಕೆಸರು. ಅದಕ್ಕೆ ಬೇರೆ ಅರ್ಜಿ ಹಾಕಿದ್ದೇವೆ, ಒಂದೇ ಕೆಲಸ, ಒಂದೇ ಕಾಗದ. ಕಳೆದ ವಾರ ಮೇಲಿನ ಕಣಿವೆಯ ಏಳು ಮನೆಯವರು ಬಂದು ತಮ್ಮ ಸಂಕಕ್ಕೂ ಒಂದು ಮನವಿ ಬರೆದುಕೊಡಬೇಕೆಂದು ಕೇಳಿದರು. ಮನವಿ ಆಮೇಲೆ ಬರೆಯೋಣ, ಮೊದಲು ದಂಡೆಯ ಜಾಗದ ಪಹಣಿ ತನ್ನಿ ಎಂದೆ. ತಂದರು. ಅದರಲ್ಲೂ ತೀರಿಕೊಂಡ ಅಜ್ಜನ ಹೆಸರೇ ಇದೆ. ಬರುವ ಸೋಮವಾರ ಅವರ ಜೊತೆ ನಾಡಕಚೇರಿಗೆ ಹೋಗುತ್ತಿದ್ದೇನೆ.